ಎಡಗೈಯಲ್ಲಿ ಹೆಣೆಯುವವರು ಕೇಬಲ್ ಚಾರ್ಟ್ ಎಲ್ಲಿಂದ ಓದಬೇಕು? ನನ್ನ ವಜ್ರದ ಗೆರೆ ಮುಳುಗಿ ಹೋಗಿದೆ

ಮಾಳಮಡ್ಡಿಯ ಎಡಗೈ, ಧಾರವಾಡ:

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಬರೆಯುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ಎರಡು ವಾರದಿಂದ ಇದೇ ತಲೆಯಲ್ಲಿ ಕೂತಿದೆ.

ನಾನು ಹುಟ್ಟಿದಾಗಿನಿಂದ ಎಡಚಿ. ಊಟ ಮಾಡಲು, ಅರಿಶಿನ ಕುಂಕುಮ ಕೊಡಲು ಬಲಗೈ. ಬರೆಯಲು, ಕಾಯಿಪಲ್ಲೆ ಹೆಚ್ಚಲು, ಹೊಲಿಯಲು, ಹೆಣೆಯಲು ಎಡಗೈ. ಹೆಣಿಗೆ ಕಲಿಸಿದ್ದು ನಮ್ಮ ಅಜ್ಜಿ. ಅವರ ಪಕ್ಕದಲ್ಲಿ ಕೂತು ನೋಡಿದರೆ ನನಗೆ ಏನೂ ತಿಳಿಯುತ್ತಿರಲಿಲ್ಲ. ಒಂದು ದಿನ ಸುಮ್ನೆ ಎದುರಿಗೆ ಹೋಗಿ ಕೂತೆ. ಅವರ ಬಲಗೈ ಮಾಡಿದ್ದನ್ನು ನನ್ನ ಎಡಗೈ ಮಾಡತೊಡಗಿತು, ಕನ್ನಡಿ ನೋಡಿದ ಹಾಗೆ. ಅಜ್ಜಿ ಅದನ್ನು ನೋಡಿ ಕಡ್ಡಿ ಕಸಿದುಕೊಂಡು "ಬಲಗೈಲೆ ಹಿಡಿ" ಅಂದರು. ಕಟ್ಟೆಯ ಮೇಲೆ ಪೇಪರ್ ಓದುತ್ತಿದ್ದ ಅಪ್ಪ ತಲೆ ಎತ್ತದೆ "ಆಕಿ ಕೈ ಆಕಿಗೆ ಗೊತ್ತು, ಬಿಡ್ರಿ" ಅಂದರು. ಅಷ್ಟೇ. ಆಮೇಲೆ ಮನೆಯಲ್ಲಿ ಯಾರೂ ನನ್ನ ಕೈ ತಿದ್ದಲಿಲ್ಲ.

ಹಾಗಾಗಿ ನನ್ನದು ಪೂರ್ತಿ ಕನ್ನಡಿ ಹೆಣಿಗೆ. ಕುಣಿಕೆಗಳು ಬಲಗೈ ಕಡ್ಡಿಯ ಮೇಲಿರುತ್ತವೆ. ಹೆಣೆದ ಹಾಗೆ ಎಡಗೈ ಕಡ್ಡಿಗೆ ಬರುತ್ತವೆ. ಸಾಲು ಎಡತುದಿಯಿಂದ ಶುರುವಾಗಿ ಬಲಕ್ಕೆ ಹೋಗುತ್ತದೆ. ಇಷ್ಟು ವರ್ಷ ಟೋಪಿ, ಮಫ್ಲರ್, ಮಕ್ಕಳ ಸ್ವೆಟರ್, ಎಲ್ಲಾ ಸೀದಾ (ನಯವಾಗಿ ಕಾಣುವ ಕುಣಿಕೆ), ಉಲ್ಟಾ (ಗಂಟಿನ ಹಾಗೆ ಕಾಣುವ ಕುಣಿಕೆ) ಎರಡರಲ್ಲೇ ಮಾಡಿದೆ. ಅದರಲ್ಲಿ ಕೈ ಯಾವುದಾದರೂ ಬಟ್ಟೆ ಒಂದೇ ತರಹ ಕಾಣುತ್ತದೆ. ತೊಂದರೆಯೇ ಬಂದಿರಲಿಲ್ಲ.

ಈಗ ಅಪ್ಪನಿಗೆ 78. ಇನ್ನೂ ಬೆಳಕು ಹರಿಯುವ ಮೊದಲೇ ಎದ್ದು ಕರ್ನಾಟಕ ಕಾಲೇಜಿನ ಮೈದಾನಕ್ಕೆ ತಿರುಗಾಡಲು ಹೋಗುತ್ತಾರೆ. ದೀಪಾವಳಿ ಕಳೆದ ಮೇಲೆ ಧಾರವಾಡದಲ್ಲಿ ಆ ಹೊತ್ತಿನ ಚಳಿ ಹೇಗಿರುತ್ತದೆ ಗೊತ್ತಲ್ವಾ? ನನ್ನ ಫೋನಿನಲ್ಲಿ ಒಂದು ಸ್ವೆಟರ್ ಫೋಟೋ ನೋಡಿ "ಇಂಥಾದ್ದೊಂದು ಮಾಡವಾ ನನಗ" ಅಂದರು. ಅರಾನ್ ಅನ್ನುತ್ತಾರಲ್ಲ, ಐರ್ಲೆಂಡಿನ ದ್ವೀಪಗಳ ಹೆಸರಿನದು, ಆ ತರಹದ್ದು. ನಡುವೆ ಒಂದರ ಮೇಲೊಂದು ವಜ್ರ, ಆಚೆ ಈಚೆ ಹಗ್ಗ ಹೊಸೆದ ಹಾಗೆ 6 ಕುಣಿಕೆಯ ಕೇಬಲ್, ಅಂದರೆ ಕುಣಿಕೆಗಳನ್ನು ಒಂದರ ಮೇಲೊಂದು ದಾಟಿಸಿ ಮಾಡುವ ತಿರುವು. ಅಪ್ಪ ಇಲ್ಲಿಯವರೆಗೆ ನನ್ನಿಂದ ಏನನ್ನೂ ಬಾಯಿಬಿಟ್ಟು ಕೇಳಿದವರಲ್ಲ. ಅದಕ್ಕೇ ಇದು ಚೆನ್ನಾಗಿ ಆಗಬೇಕು.

ಬೂದು ಬಣ್ಣದ ಉಲ್ಲನ್ ತಂದೆ. ಪ್ಯಾಟರ್ನ್ 4 ಎಂಎಂ ಕಡ್ಡಿ ಹೇಳುತ್ತದೆ, ಅಂದರೆ ನಮ್ಮ 8 ನಂಬರ್. ಬೆನ್ನಿನ ಭಾಗದಿಂದ ಶುರು ಮಾಡಿದೆ. ಚಾರ್ಟ್ ಅಂದರೆ ಒಂದು ಕುಣಿಕೆಗೆ ಒಂದು ಮನೆಯಂತೆ ಗುರುತು ಹಾಕಿದ ಚಿತ್ರ, ಅದನ್ನು ಕೆಳಗಿನಿಂದ ಮೇಲಕ್ಕೆ ಓದಬೇಕು ಅಂತ ಗೊತ್ತಿತ್ತು. ನನ್ನ ಸಾಲು ಎಡದಿಂದ ಶುರುವಾಗುವುದರಿಂದ ಮನೆಗಳನ್ನೂ ಎಡದಿಂದಲೇ ಓದುತ್ತಾ ಹೋದೆ. ಹಗ್ಗಗಳಿಗೆ, ಗುರುತುಗಳ ಅರ್ಥ ಬರೆದ ಪಟ್ಟಿಯಲ್ಲಿ ಹೇಳಿದಂತೆ, ಕೇಬಲ್ ಕಡ್ಡಿಯಲ್ಲಿ (ದಾಟಿಸುವ ಕುಣಿಕೆಗಳನ್ನು ಸ್ವಲ್ಪ ಹೊತ್ತು ಹಿಡಿದಿಡುವ ಚಿಕ್ಕ ಕಡ್ಡಿ) ಒಂದಕ್ಕೆ 3 ಕುಣಿಕೆ ಮುಂದೆ, ಇನ್ನೊಂದಕ್ಕೆ 3 ಕುಣಿಕೆ ಹಿಂದೆ ಹಿಡಿದೆ. ಅದು ಸಲೀಸಾಗಿ ಬಂತು.

ವಜ್ರದಲ್ಲಿ ಸಿಕ್ಕಿಕೊಂಡೆ. ವಜ್ರದ ಎಡಗೆರೆಯ ಗುರುತಿಗೆ ಪಟ್ಟಿಯಲ್ಲಿ ಹೀಗಿದೆ: 2 ಕುಣಿಕೆ ಕೇಬಲ್ ಕಡ್ಡಿಗೆ ತೆಗೆದು ಮುಂದೆ ಹಿಡಿ, 1 ಉಲ್ಟಾ ಹೆಣೆ, ಆಮೇಲೆ ಕೇಬಲ್ ಕಡ್ಡಿಯ 2 ಸೀದಾ ಹೆಣೆ. ನಾನು ಅಲ್ಲಿಗೆ ಬಂದು ನೋಡಿದರೆ ಕಡ್ಡಿಯ ತುದಿಯಲ್ಲಿ 2 ಸೀದಾ ಇಲ್ಲ. ಮೊದಲು 1 ಉಲ್ಟಾ ಇದೆ, ಅದರ ಆಚೆ 2 ಸೀದಾ. ಲೆಕ್ಕವೇ ಕೂರಲಿಲ್ಲ. ಸರಿ, ಇರುವುದನ್ನೇ ತೆಗೆಯೋಣ ಅಂತ ಆ 1 ಉಲ್ಟಾವನ್ನು ಕೇಬಲ್ ಕಡ್ಡಿಗೆ ತೆಗೆದು, ಪಟ್ಟಿ ಹೇಳಿದ ಹಾಗೆ ಮುಂದೆ ಹಿಡಿದು, 2 ಸೀದಾ ಹೆಣೆದು, ಆಮೇಲೆ ಅದನ್ನು ಉಲ್ಟಾ ಹೆಣೆದೆ. ಬಲಗೆರೆಗೆ ಹಿಂದೆ ಹಿಡಿ ಅಂತಿತ್ತು. ಅಲ್ಲಿ 2 ಸೀದಾ ಮೊದಲು ಸಿಕ್ಕವು, ಅವನ್ನು ಹಿಂದೆ ಹಿಡಿದೆ.

34 ಸಾಲು ಆದ ಮೇಲೆ ಕುರ್ಚಿಯ ಬೆನ್ನಿಗೆ ಹಾಕಿ ದೂರ ನಿಂತು ನೋಡಿದೆ. ಗೆರೆ ಹೋಗಬೇಕಾದ ಕಡೆಗೇ ಹೋಗಿದೆ. ಆದರೆ ಪ್ರತಿ ತಿರುವಿನಲ್ಲೂ ಉಲ್ಟಾದ ಗಂಟು ಗೆರೆಯ ಮೇಲೆ ಬಂದು ಕೂತಿದೆ. ಫೋಟೋದಲ್ಲಿ ವಜ್ರ ಉಬ್ಬಿ ನಿಂತಿದೆ. ನನ್ನದು ಇಲಿ ಕಡಿದ ಹಾಗೆ ತುಂಡು ತುಂಡು. ಹಗ್ಗಗಳೂ ಅಷ್ಟೇ. ಫೋಟೋದಲ್ಲಿ ಎರಡೂ ನಡುವಿನ ಕಡೆ ವಾಲಿವೆ, ನನ್ನದರಲ್ಲಿ ಹೊರಗಡೆ ವಾಲಿವೆ.

ಪಕ್ಕದ ಮನೆಯವರು "ಬಲಗೈಲೆ ಕಲ್ತಬಿಡ್ರಿ, ಪುಸ್ತಕ ಎಲ್ಲಾ ಬಲಗೈಯವರಿಗೇ ಇರೂದು" ಅನ್ನುತ್ತಾರೆ. ಒಳ್ಳೆಯ ಮನಸ್ಸಿನಿಂದಲೇ ಹೇಳುತ್ತಾರೆ. ಆದರೂ ಕೇಳಿ ಹೊಟ್ಟೆಯಲ್ಲಿ ಏನೋ ಆಯಿತು. ನಿಮ್ಮಲ್ಲಿ ಯಾರಾದರೂ ಎಡಗೈಯಲ್ಲಿ ಕೇಬಲ್ ಹೆಣೆದಿದ್ದೀರಾ? ಚಾರ್ಟ್ ಎಡದಿಂದ ಓದುವುದೋ, ಬಲದಿಂದಲೋ? ಮುಂದೆ ಹಿಂದೆ ಬದಲಿಸಬೇಕೋ?

ಉಣಕಲ್ ಕೆರೆ ದಂಡೆ, ಹುಬ್ಬಳ್ಳಿ:

ತಂಗಿ, ಕೈ ಬದಲಿಸಬೇಡಿ. ಮೊದಲು ಅದನ್ನು ಹೇಳಿಬಿಡುತ್ತೇನೆ. ಹೆಣಿಗೆಯಲ್ಲಿ ಎರಡೂ ಕೈಗೆ ಕೆಲಸ ಇದೆ, ಹಾಗಾಗಿ ಎಷ್ಟೋ ಎಡಗೈಯವರು ಬಲಗೈ ರೀತಿಯಲ್ಲೇ ಆರಾಮಾಗಿ ಹೆಣೆಯುತ್ತಾರೆ. ಹೊಸದಾಗಿ ಕಲಿಯುವವರು ಬೇಕಾದರೆ ಅದನ್ನು ಮಾಡಿ ನೋಡಲಿ. ನಿಮ್ಮ ಕೈ ಆಗಲೇ ಕೂತಿದೆ. ಅಪ್ಪ ಅಂದು ಉಳಿಸಿಕೊಟ್ಟ ಕೈ ಅದು. ಅದರಲ್ಲೇ ಅವರ ಸ್ವೆಟರ್ ಆಗಲಿ.

ನಾನೂ ಎಡಗೈಯವಳೇ. ನಲವತ್ತು ವರ್ಷದಿಂದ ಹೆಣೆಯುತ್ತಿದ್ದೇನೆ. ನಿಮ್ಮ ತೊಂದರೆಯ ಉತ್ತರ ನೀವು ಬರೆದದ್ದರಲ್ಲೇ ಇದೆ. ಉಲ್ಟಾದ ಗಂಟು ಗೆರೆಯ ಮೇಲೆ ಬಂದಿದೆ ಅಂದಿರಲ್ಲ, ಅದೇ. ಮನೆಗಳನ್ನು ನಿಮ್ಮ ಕೈಗೆ ತಕ್ಕಂತೆ ಎಡದಿಂದ ಓದಿದಿರಿ. ಮುಂದೆ ಹಿಂದೆ ಅನ್ನುವ ಮಾತನ್ನು ಮಾತ್ರ ಬಲಗೈಯವರದ್ದೇ ಇಟ್ಟುಕೊಂಡಿರಿ. ಎರಡು ದಾರಿ ಬೆರೆತುಬಿಟ್ಟಿವೆ.

ಯಾಕೆ ಹಾಗಾಗುತ್ತದೆ ಅಂತ ಒಮ್ಮೆ ಕೈಯಲ್ಲಿ ಮಾಡಿ ನೋಡಿ. ಜಡೆ ಹಾಕುವಾಗ ಯಾವ ಎಳೆ ಮೇಲಿಂದ ದಾಟುತ್ತದೋ ಅದೇ ಕಣ್ಣಿಗೆ ಕಾಣುತ್ತದೆ, ಇನ್ನೊಂದು ಅಡಿಗೆ ಹೋಗುತ್ತದೆ. ಕೇಬಲ್ ಕೂಡ ಅಷ್ಟೇ. ಮುಂದೆ ಹಿಡಿದ ಕುಣಿಕೆ ಮೇಲಿಂದ ದಾಟುತ್ತದೆ. ಬಲಗೈಯವರು ಸಾಲನ್ನು ಬಲದಿಂದ ಹೆಣೆಯುತ್ತಾರೆ. ಅವರ ಕಡ್ಡಿ ತುದಿಗೆ ಮೊದಲು ಸಿಗುವುದು ಬಲಬದಿಯ ಕುಣಿಕೆ. ಅದನ್ನು ಮುಂದೆ ಹಿಡಿದರೆ ಅದು ಮೇಲಿಂದ ಎಡಕ್ಕೆ ದಾಟುತ್ತದೆ. ನಮಗೆ ಮೊದಲು ಸಿಗುವುದು ಎಡಬದಿಯ ಕುಣಿಕೆ. ಅದನ್ನು ಮುಂದೆ ಹಿಡಿದರೆ ಮೇಲಿಂದ ಬಲಕ್ಕೆ ದಾಟುತ್ತದೆ. ಮಾತು ಒಂದೇ, ಬಟ್ಟೆಯಲ್ಲಿ ಬರುವುದು ತಿರುಗುಮುರುಗು. ನಿಮ್ಮ ಹಗ್ಗಗಳು ಹೊರಗೆ ವಾಲಿದ್ದು ಇದಕ್ಕೇ.

ಈಗ ದಾರಿ ಎರಡಿವೆ. ಯಾವುದನ್ನಾದರೂ ಹಿಡಿಯಿರಿ, ಕೊನೆಯ ಸಾಲಿನವರೆಗೂ ಅದನ್ನೇ ಹಿಡಿಯಿರಿ.

ಮೊದಲನೆಯದು, ಚಾರ್ಟ್ ಬಲಗೈಯವರು ಓದುವಂತೆಯೇ ಓದುವುದು. 1ನೇ ಸಾಲಿನ ನಂಬರ್ ಬಲಕ್ಕೆ ಬರೆದಿದ್ದರೆ ಅಲ್ಲಿಂದಲೇ ಶುರು. ಪಟ್ಟಿಯ ಮಾತನ್ನೂ ಒಂದಕ್ಷರ ಬದಲಿಸದೆ ಮಾಡುವುದು. ಕಣ್ಣು ಬಲದಿಂದ ಎಡಕ್ಕೆ ಓಡುತ್ತದೆ, ಕೈ ಎಡದಿಂದ ಬಲಕ್ಕೆ. ಮೊದಲು ಮುಜುಗರ ಆಗುತ್ತದೆ, ಆಮೇಲೆ ರೂಢಿ ಆಗುತ್ತದೆ. ಬರುವ ಬಟ್ಟೆ ಫೋಟೋದ ಕನ್ನಡಿ ರೂಪ. ಎಲ್ಲವೂ ಒಟ್ಟಿಗೆ ತಿರುಗುವುದರಿಂದ ಗೆರೆ ಎಲ್ಲೂ ಮುರಿಯುವುದಿಲ್ಲ. ವಜ್ರದಂಥ ಎರಡೂ ಕಡೆ ಸಮ ಇರುವ ಚಿತ್ತಾರಕ್ಕೆ ಇದು ಸಾಕು, ಯಾರಿಗೂ ತಿಳಿಯುವುದಿಲ್ಲ. ಆದರೆ ಅಕ್ಷರ ಇದ್ದರೆ ಬೇಡ. ನಮ್ಮ ಮೊಮ್ಮಗ ಬಾಲವಾಡಿಗೆ ಹೋಗುವಾಗ ಅವನ ಟೋಪಿಯ ಮೇಲೆ 'ಅ' ಹೆಣೆದಿದ್ದೆ. ಎರಡು ಬಣ್ಣ, ಮೂರು ದಿನದ ಕೆಲಸ. ಹಾಕಿಕೊಂಡು ಕನ್ನಡಿ ಮುಂದೆ ನಿಂತ. ಆಗಷ್ಟೇ ಅಕ್ಷರ ಕಲಿಯುತ್ತಿದ್ದ ಮಗು, "ಅಮ್ಮಾ, ಕನ್ನಡ್ಯಾಗ ಅ ಸರಿ ಐತಿ, ಟೊಪಗಿ ಮ್ಯಾಲೆ ತಪ್ಪೈತಿ" ಅಂದಿತು. ಅವತ್ತು ನನಗೆ ಈ ಎರಡು ದಾರಿಯ ವ್ಯತ್ಯಾಸ ಪೂರ್ತಿ ತಿಳಿಯಿತು. ಮುಂದೆ ತೆರೆಯುವ ಗುಂಡಿ ಸ್ವೆಟರ್ ಆದರೂ ಈ ದಾರಿಯಲ್ಲಿ ನೋಡಿಕೊಳ್ಳಬೇಕು. ಪ್ಯಾಟರ್ನ್‌ನ ಎಡಭಾಗ ನಮಗೆ ಬಲಭಾಗ ಆಗುತ್ತದೆ, ಕಾಜಾ ಆಚೆ ಹೋಗುತ್ತದೆ.

ಎರಡನೆಯದು, ಚಿತ್ರ ಹೇಗಿದೆಯೋ ಹಾಗೇ ಬಟ್ಟೆಯಲ್ಲಿ ತರುವುದು. ನಾನು ಇದನ್ನೇ ಮಾಡುತ್ತೇನೆ. ಮುಂಬದಿ ಸಾಲು ಎಡದಿಂದ, ಹಿಂಬದಿ ಸಾಲು ಬಲದಿಂದ. ಚಾರ್ಟ್‌ನಲ್ಲಿ ಸಾಲಿನ ನಂಬರ್ ಯಾವ ಕಡೆ ಬರೆದಿದೆಯೋ ಅದರ ಎದುರು ಕಡೆಯಿಂದ ಶುರು ಅಂತ ನೆನಪಿಟ್ಟರೆ ಸಾಕು. ಆಗ ಪಟ್ಟಿಯನ್ನು ಅದಲು ಬದಲು ಮಾಡಲೇಬೇಕು. ಎಡಕ್ಕೆ ವಾಲಿದ ಗುರುತು ಬಂದರೆ, ಬಲಕ್ಕೆ ವಾಲಿದ ಗುರುತಿನ ಮುಂದೆ ಬರೆದ ಮಾತನ್ನು ಮಾಡಿ. ಬಲಕ್ಕೆ ವಾಲಿದ್ದು ಬಂದರೆ ಎಡದ್ದರ ಮಾತು.

ನಿಮ್ಮ ವಜ್ರಕ್ಕೇ ಹಚ್ಚಿ ನೋಡಿ. ಎಡಗೆರೆ ಎಡಕ್ಕೆ ಹೋಗಬೇಕು. ನಿಮಗೆ ಮೊದಲು ಸಿಕ್ಕದ್ದು 1 ಉಲ್ಟಾ. ಅದನ್ನು ಕೇಬಲ್ ಕಡ್ಡಿಗೆ ತೆಗೆದು ಹಿಂದೆ ಬಿಡಿ. 2 ಸೀದಾ ಹೆಣೆಯಿರಿ, ಅವು ಮೇಲಿಂದ ಎಡಕ್ಕೆ ಬರುತ್ತವೆ. ಆಮೇಲೆ ಹಿಂದಿನದನ್ನು ಉಲ್ಟಾ ಹೆಣೆಯಿರಿ. ಬಲಗೆರೆಯಲ್ಲಿ 2 ಸೀದಾ ಮೊದಲು ಸಿಗುತ್ತವೆ. ಅವನ್ನು ಮುಂದೆ ಹಿಡಿದು, 1 ಉಲ್ಟಾ ಹೆಣೆದು, ಆಮೇಲೆ ಆ 2 ಸೀದಾ. ಬಲಕ್ಕೆ ದಾಟಿದವು. ನೀವು ಮಾಡಿದ್ದಕ್ಕೂ ಇದಕ್ಕೂ ಇರುವ ವ್ಯತ್ಯಾಸ ಕೇಬಲ್ ಕಡ್ಡಿ ಮುಂದೆ ನಿಂತಿತೋ, ಹಿಂದೆ ನಿಂತಿತೋ ಅನ್ನುವುದೊಂದೇ. ಎಣಿಕೆ ನೀವು ಸರಿಯಾಗಿಯೇ ಊಹಿಸಿದ್ದಿರಿ.

ವಜ್ರದಂಥದ್ದಕ್ಕೆ ನನ್ನದೊಂದು ಮಾತಿದೆ. ಸೀದಾ ಕುಣಿಕೆ ಯಾವತ್ತೂ ಮೇಲೆ, ಉಲ್ಟಾ ಯಾವತ್ತೂ ಅಡಿಗೆ. ಕೈ ತಡವರಿಸಿದಾಗ ಪಟ್ಟಿ ನೋಡುವ ಮೊದಲು ಇದನ್ನು ಕೇಳಿಕೊಳ್ಳಿ.

ಇನ್ನು ಬಿಚ್ಚುವುದು. ಹಗ್ಗ ಮಾತ್ರ ಆಗಿದ್ದರೆ ಹಾಗೇ ಬಿಡಿ ಅನ್ನುತ್ತಿದ್ದೆ. ವಜ್ರಕ್ಕೆ ಬಿಚ್ಚಲೇಬೇಕು, ಆ ಗಂಟು ಒಗೆದರೂ ಇಸ್ತ್ರಿ ಮಾಡಿದರೂ ಹೋಗುವುದಿಲ್ಲ. ಬಿಚ್ಚುವ ಮೊದಲು ಬೇರೆ ಉಲ್ಲನ್‌ನಲ್ಲಿ 20 ಕುಣಿಕೆ ಹಾಕಿ ಒಂದು ವಜ್ರ ಪೂರ್ತಿ ಹೆಣೆದು ನೋಡಿ. ಕೈಗೆ ನಂಬಿಕೆ ಬಂದ ಮೇಲೆ ದೊಡ್ಡದನ್ನು ಮುಟ್ಟಿ.

ರಾಣೆಬೆನ್ನೂರು ಹುಡುಗ:

ಅಕ್ಕ, ನಾನೂ ಎಡಗೈ. ವಿಡಿಯೋ ನೋಡಿ ಕಲಿತವನು, ಎರಡು ವರ್ಷ ಆಯಿತು. ನಾನು ಚಾರ್ಟ್‌ನ ಫೋಟೋ ತೆಗೆದು ಫೋನಿನ ಗ್ಯಾಲರಿಯಲ್ಲೇ ಎಡಬಲ ತಿರುಗಿಸಿಬಿಡುತ್ತೇನೆ. ಆಮೇಲೆ ಎಡದಿಂದ ಆರಾಮಾಗಿ ಓದುತ್ತೇನೆ. ಕಣ್ಣು ಮತ್ತು ಕೈ ಒಂದೇ ಕಡೆ ಹೋಗುತ್ತವೆ. ದೊಡ್ಡಮ್ಮ ಹೇಳಿದ ಮೊದಲನೇ ದಾರಿಯೇ ಇದು, ಮುಜುಗರ ಮಾತ್ರ ಇಲ್ಲ.

ಇದರಲ್ಲೊಂದು ಗುಂಡಿ ಇದೆ, ಅದರಲ್ಲಿ ನಾನು ಬಿದ್ದಿದ್ದೆ. ಚಾರ್ಟ್ ತಿರುಗಿಸಿದಾಗ ಗುರುತುಗಳೂ ತಿರುಗುತ್ತವೆ. ಎಡಕ್ಕೆ ವಾಲಿದ್ದು ಬಲಕ್ಕೆ ವಾಲುತ್ತದೆ. ತಿರುಗಿಸಿದ ಚಾರ್ಟ್ ನೋಡಿ, ತಿರುಗಿಸದ ಪಟ್ಟಿಯಲ್ಲಿ ಹುಡುಕಿದರೆ ಬೇರೆಯದೇ ಮಾತು ಸಿಗುತ್ತದೆ. ಆದ್ದರಿಂದ ಪಟ್ಟಿಯ ಗುರುತುಗಳನ್ನೂ ತಿರುಗಿಸಿ ಬರೆದುಕೊಂಡು, ಮುಂದಿನ ಮಾತನ್ನು ಮಾತ್ರ ಇದ್ದ ಹಾಗೇ ಇಡಬೇಕು. ಸಾಲಿನ ನಂಬರ್‌ಗಳೂ ತಿರುಗಿ ಓದಲು ಬರುವುದಿಲ್ಲ, ಪೆನ್ನಿನಿಂದ ಬೇರೆ ಬರೆದುಕೊಳ್ಳಿ. ವಿಡಿಯೋ ಆದರೆ ಈ ತಾಪತ್ರಯ ಇಲ್ಲ. ತಿರುಗಿಸಿ ನೋಡಿದರೆ ಬಲಗೈಯವರ ಕೈ ಎಡಗೈ ಆಗಿಬಿಡುತ್ತದೆ, ನೀವು ಅಜ್ಜಿಯ ಎದುರು ಕೂತ ಹಾಗೆ.

ಇನ್ನೊಂದು ವಿಷಯ. ನಿಮ್ಮ ಕುಣಿಕೆಯ ಕಾಲು ನೋಡಿದ್ದೀರಾ? ಕುಣಿಕೆಗೆ ಎರಡು ಕಾಲು, ಒಂದು ಕಡ್ಡಿಯ ಮುಂದೆ, ಒಂದು ಹಿಂದೆ. ಬಲಗೈಯವರಿಗೆ ಬಲಗಾಲು ಮುಂದಿರುತ್ತದೆ. ನಮಗೆ ಎಡಗಾಲು ಮುಂದಿರಬೇಕು. ನನಗೆ ಆರು ತಿಂಗಳು ಬಲಗಾಲೇ ಮುಂದಿತ್ತು. ದಾರವನ್ನು ಕಡ್ಡಿಗೆ ಸುತ್ತುವ ದಿಕ್ಕು ಮಾತ್ರ ಬಲಗೈಯವರದ್ದು ಉಳಿದುಬಿಟ್ಟಿತ್ತು. ಹಾಗಾದರೆ ಪ್ರತಿ ಕುಣಿಕೆಯೂ ತಿರುಚಿಕೊಂಡು ಬಟ್ಟೆ ಬಿಗಿ ಆಗುತ್ತದೆ. ಕೇಬಲ್ ಮೊದಲೇ ಬಟ್ಟೆಯನ್ನು ಒಳಗೆಳೆಯುತ್ತದೆ. ಎರಡೂ ಸೇರಿದರೆ ಅಳತೆ ಕೈಕೊಡುತ್ತದೆ.

ಬೆಟಗೇರಿ ಓಣಿ, ಗದಗ:

ನಾನು ಬಲಗೈಯವಳು. ಮನೆಯಲ್ಲಿ ನಾಲ್ಕಾರು ಹುಡುಗಿಯರಿಗೆ ಕಸೂತಿ ಹೇಳಿಕೊಡುತ್ತೇನೆ, ಕೇಳಿದವರಿಗೆ ಹೆಣಿಗೆಯನ್ನೂ. ಅವರಲ್ಲಿ ಒಬ್ಬಳು ಎಡಗೈಯವಳು. ಅವಳ ಹೆಣಿಗೆ ಯಾಕೆ ಎಡವುತ್ತದೆ ಅಂತ ನನಗೆ ಇಷ್ಟು ದಿನ ಹೊಳೆದಿರಲಿಲ್ಲ. ಉಣಕಲ್ ಅಕ್ಕ ಬರೆದದ್ದನ್ನು ಎರಡು ಸಲ ಓದಿದೆ. ಓದಿ ಎರಡೂ ಕೈಯಲ್ಲಿ ಬೆರಳು ದಾಟಿಸಿ ನೋಡಿದೆ.

ಕಸೂತಿಯಲ್ಲಿ ಅವಳಿಗೆ ಎಂದೂ ತೊಂದರೆ ಆಗಿಲ್ಲ. ಗವಂತಿ ಹಾಕುವಾಗ ಒಂದು ಬಿಟ್ಟು ಒಂದು ಹೊಲಿಗೆ ಹಾಕುತ್ತಾ ಹೋಗುತ್ತೇವೆ, ಬರುವಾಗ ಬಿಟ್ಟದ್ದನ್ನು ತುಂಬುತ್ತೇವೆ. ಗೋಪುರವನ್ನು ಎಡದಿಂದ ಶುರು ಮಾಡಿದರೂ ಅದೇ ಗೋಪುರ, ಬಲದಿಂದ ಶುರು ಮಾಡಿದರೂ ಅದೇ. ಗಂಟು ಹಾಕುವುದಿಲ್ಲ, ಎರಡು ಬದಿಯೂ ಒಂದೇ. ಬಟ್ಟೆಯ ಎಳೆ ಮೊದಲೇ ಅಲ್ಲಿದೆ, ಎಣಿಸಿ ಸೂಜಿ ಇಳಿಸಿದರೆ ಆಯಿತು. ಹೆಣಿಗೆಯಲ್ಲಿ ಬಟ್ಟೆ ಇನ್ನೂ ಹುಟ್ಟುತ್ತಿರುತ್ತದೆ. ಯಾವ ತುದಿಯಿಂದ ಹುಟ್ಟಿತು ಅನ್ನುವುದು ಅದರ ತಿರುವಿನಲ್ಲೇ ಉಳಿದುಬಿಡುತ್ತದೆ. ನಾನು ಎರಡಕ್ಕೂ ಗ್ರಾಫ್ ಹಾಳೆ ಒಂದೇ ಅಂತ ಒಂದೇ ತರಹ ಹೇಳಿಕೊಡುತ್ತಿದ್ದೆ. ಆ ಹುಡುಗಿಗೆ ಸುಮ್ನೆ ಎಷ್ಟು ಸಲ ಬಿಚ್ಚಿಸಿದ್ದೇನೋ. ಈ ಸೋಮವಾರ ಅವಳನ್ನು ಎದುರಿಗೆ ಕೂರಿಸಿಕೊಳ್ಳುತ್ತೇನೆ.

ನನ್ನ ಕಡೆಯಿಂದ ಎರಡು ಮಾತು, ಇವು ಯಾವ ಕೈಗಾದರೂ ನಡೆಯುತ್ತವೆ. ಚಾರ್ಟ್ ಓದುವಾಗ ಲಗ್ನಪತ್ರಿಕೆಯಂಥ ದಪ್ಪ ಕಾಗದ ಇಟ್ಟುಕೊಳ್ಳಿ. ಅದನ್ನು ಹೆಣೆಯುವ ಸಾಲಿನ ಕೆಳಗೆ ಇಡಬೇಡಿ, ಮೇಲೆ ಇಡಿ. ಮುಂದಿನ ಸಾಲುಗಳು ಮುಚ್ಚಿರಲಿ, ಮುಗಿದವು ಕಾಣಲಿ. ಕಡ್ಡಿಯ ಕೆಳಗಿನ ಬಟ್ಟೆ ಮತ್ತು ಕಾಗದದ ಕೆಳಗಿನ ಚಿತ್ರ ಎರಡನ್ನೂ ಪಕ್ಕದಲ್ಲಿಟ್ಟು ಹೋಲಿಸಬಹುದು. ತಪ್ಪು 34 ಸಾಲು ಕಾಯುವುದಿಲ್ಲ, ಎರಡೇ ಸಾಲಿನಲ್ಲಿ ಸಿಗುತ್ತದೆ.

ಎರಡನೆಯದು, ಒಂದೊಂದು ವಜ್ರ ಮುಗಿದಾಗ ಬೇರೆ ಬಣ್ಣದ ಹೊಲಿಗೆ ದಾರವನ್ನು ಸೂಜಿಗೆ ಪೋಣಿಸಿ ಆ ಸಾಲಿನ ಎಲ್ಲಾ ಕುಣಿಕೆಯೊಳಗೂ ಹಾಯಿಸಿಬಿಡಿ. ಮುಂದೆ ತಪ್ಪಿದರೂ ಬಿಚ್ಚುವುದು ಆ ದಾರದವರೆಗೆ ಮಾತ್ರ. ಕುಣಿಕೆ ಒಂದೂ ಜಾರುವುದಿಲ್ಲ.

ಹಿಂಬದಿಯ ಸಾಲು ಹೇಗೆ ಅಂತ ನೀವು ಕೇಳಿಲ್ಲ. ಈ ತರಹದ ಕೇಬಲ್‌ನಲ್ಲಿ ಸಾಮಾನ್ಯವಾಗಿ ದಾಟಿಸುವುದೆಲ್ಲ ಮುಂಬದಿಯಲ್ಲೇ ಇರುತ್ತದೆ. ಹಿಂಬದಿಯಲ್ಲಿ ಕಂಡ ಹಾಗೆ ಹೆಣೆದರೆ ಆಯಿತು. ಸೀದಾ ಕಂಡರೆ ಸೀದಾ, ಉಲ್ಟಾ ಕಂಡರೆ ಉಲ್ಟಾ.

ಮಾಳಮಡ್ಡಿಯ ಎಡಗೈ, ಧಾರವಾಡ:

ಉತ್ತರ ಬರೆಯಲು ಒಂಬತ್ತು ದಿನ ತಡ ಆಯಿತು. ಮಾಡಿ ನೋಡಿಯೇ ಬರೆಯೋಣ ಅಂತ ಸುಮ್ಮನಿದ್ದೆ.

ಉಣಕಲ್ ಅಕ್ಕ, ನಿಮ್ಮ ಎರಡನೇ ದಾರಿಯನ್ನೇ ಹಿಡಿದೆ. ಅಪ್ಪ ಫೋಟೋ ನೋಡಿ ಕೇಳಿದ್ದು, ಆ ಫೋಟೋದ ಹಾಗೇ ಇರಲಿ ಅನ್ನಿಸಿತು. ಮನೆಯಲ್ಲಿ ಉಳಿದಿದ್ದ ಕೆಂಪು ಉಲ್ಲನ್‌ನಲ್ಲಿ 20 ಕುಣಿಕೆ ಹಾಕಿದೆ. ಮಗಳ ಹಳೆಯ ನೋಟ್‌ಬುಕ್ಕಿನಲ್ಲಿ ನನ್ನದೇ ಪಟ್ಟಿ ಬರೆದುಕೊಂಡೆ. ಎಡಕ್ಕೆ ವಾಲಿದ ಗುರುತನ್ನು ಹಸಿರು ಪೆನ್ಸಿಲಿನಲ್ಲಿ ತೆಗೆದು ಮುಂದೆ "1 ಹಿಂದೆ, 2 ಸೀದಾ, 1 ಉಲ್ಟಾ" ಅಂತ ಬರೆದೆ. ಬಲಕ್ಕೆ ವಾಲಿದ್ದನ್ನು ಕೆಂಪಿನಲ್ಲಿ ತೆಗೆದು "2 ಮುಂದೆ, 1 ಉಲ್ಟಾ, 2 ಸೀದಾ". ಹಗ್ಗಗಳಿಗೂ ಹಾಗೇ. ಇಂಗ್ಲಿಷ್ ಪಟ್ಟಿಯ ಮೇಲೆ ಕಾಗದ ಅಂಟಿಸಿ ಮುಚ್ಚಿಬಿಟ್ಟೆ, ಅದರ ಮೇಲೆ ಕಣ್ಣೇ ಹೋಗಬಾರದು ಅಂತ.

ಮೊದಲನೇ ತಿರುವು ಹೆಣೆದು ಬೆರಳಿನಿಂದ ಸವರಿ ನೋಡಿದೆ. ಆ 2 ಸೀದಾ ಕುಣಿಕೆ ಮೇಲೆದ್ದು ನಿಂತಿದ್ದವು. ಉಲ್ಟಾ ಅಡಿಗೆ ಸರಿದು ಕಾಣದ ಹಾಗೆ ಹೋಗಿತ್ತು. ರಾತ್ರಿ ಹನ್ನೊಂದು ಗಂಟೆ. ಎಲ್ಲರೂ ಮಲಗಿದ್ದರು. ಯಾರಿಗಾದರೂ ತೋರಿಸಬೇಕು ಅನ್ನಿಸಿ ಅಡಿಗೆಮನೆ ಲೈಟಿನ ಕೆಳಗೆ ಒಬ್ಬಳೇ ಹಿಡಿದುಕೊಂಡು ನಿಂತಿದ್ದೆ.

ಮರುದಿನ ಬೂದು ಬಣ್ಣದ್ದನ್ನು ಬಿಚ್ಚಿದೆ. ನಾನು ಎಳೆದೆ, ಅಪ್ಪ ಕುರ್ಚಿಯಲ್ಲಿ ಕೂತು ಉಂಡೆ ಸುತ್ತಿದರು. ಯಾಕೆ ಬಿಚ್ಚುತ್ತಿದ್ದೀ ಅಂತ ಕೇಳಲಿಲ್ಲ. ಉಂಡೆ ಮಾತ್ರ ಬಹಳ ಜೋಪಾನವಾಗಿ ಸುತ್ತಿದರು.

ರಾಣೆಬೆನ್ನೂರು ತಮ್ಮ, ಕಾಲು ನೋಡಿದೆ. ಎಡಗಾಲೇ ಮುಂದಿದೆ, ಅಜ್ಜಿಯ ಎದುರು ಕೂತು ಕಲಿತದ್ದು ಸರಿಯಾಗಿಯೇ ಬಂದಿದೆ. ಗದಗಿನ ಅಕ್ಕಾರೆ, ಲಗ್ನಪತ್ರಿಕೆಯ ಉಪಾಯಕ್ಕೆ ನಿಮಗೆ ಕೈ ಮುಗಿಯುತ್ತೇನೆ. 11ನೇ ಸಾಲಿನಲ್ಲಿ ಒಂದು ಹಗ್ಗ ತಪ್ಪಿತ್ತು, 12ರಲ್ಲಿ ಕಣ್ಣಿಗೆ ಬಿತ್ತು.

ಈಗ ಎರಡು ವಜ್ರ ಪೂರ್ತಿ ಆಗಿವೆ. ಎರಡು ಸಂಶಯ ಉಳಿದಿವೆ. ಬಿಚ್ಚಿದ ಉಲ್ಲನ್ ಸುರುಳಿ ಸುರುಳಿ ಆಗಿದೆ, ಸದ್ಯಕ್ಕೆ ಹೊಸ ಉಂಡೆಯಿಂದಲೇ ಹೆಣೆಯುತ್ತಿದ್ದೇನೆ. ಅದಕ್ಕೆ ಇಸ್ತ್ರಿ ತಾಗಿಸಬಹುದಾ? ಇನ್ನು ಕಂಕುಳ ಹತ್ತಿರ ಕುಣಿಕೆ ಇಳಿಸುವುದು, ಅಂದರೆ ಕಡಿಮೆ ಮಾಡುವುದು, ಬರುತ್ತದೆ. ಎರಡು ಕುಣಿಕೆ ಸೇರಿಸಿ ಹೆಣೆಯುವುದರಲ್ಲೂ ಎಡ ಬಲ ವಾಲುವುದು ಇದೆಯಲ್ಲ, ಅಲ್ಲಿಯೂ ಬದಲಿಸಬೇಕಾ?

ಉಣಕಲ್ ಕೆರೆ ದಂಡೆ, ಹುಬ್ಬಳ್ಳಿ:

ತಂಗಿ, ಓದಿ ಕಣ್ಣು ತುಂಬಿ ಬಂತು. ಅಪ್ಪನಿಗೆ ನನ್ನ ನಮಸ್ಕಾರ ಹೇಳಿ.

ಇಸ್ತ್ರಿ ಬೇಡ. ಅಕ್ರಿಲಿಕ್ ಬೆರೆತ ಉಲ್ಲನ್ ಆದರೆ ಬಿಸಿ ತಾಗಿದ ಕೂಡಲೇ ಅದರ ಜೀವ ಹೋಗುತ್ತದೆ, ಜೋಲು ಬಿದ್ದದ್ದು ಮತ್ತೆ ಏಳುವುದಿಲ್ಲ. ಉಂಡೆಯನ್ನು ಕುರ್ಚಿಯ ಬೆನ್ನಿಗೆ ಲಡಿಯಾಗಿ ಸುತ್ತಿ, ನಾಲ್ಕು ಕಡೆ ಸಡಿಲವಾಗಿ ಕಟ್ಟಿ, ಉಗುರುಬೆಚ್ಚಗಿನ ನೀರಿನಲ್ಲಿ ಅರ್ಧ ತಾಸು ನೆನೆಸಿ. ಹಿಂಡಬೇಡಿ, ಟವೆಲ್ಲಿನಲ್ಲಿ ಒತ್ತಿ ನೆರಳಿನಲ್ಲಿ ತೂಗು ಹಾಕಿ. ಒಣಗುವಷ್ಟರಲ್ಲಿ ಸುರುಳಿ ಬಹಳ ಮಟ್ಟಿಗೆ ಬಿಡುತ್ತದೆ.

ಇಳಿಸುವುದು ಎಲ್ಲಿ ಬರೆದಿದೆ ಅಂತ ನೋಡಿ. ಚಾರ್ಟ್‌ನ ಒಳಗೇ ಗುರುತಾಗಿ ಇದ್ದರೆ ಬದಲಿಸಬೇಕು. 2 ಸೇರಿಸಿ ಸೀದಾ ಹೆಣೆದರೆ ಬಲಗೈಯವರಿಗೆ ಬಲಕ್ಕೆ ವಾಲುತ್ತದೆ, ನಮಗೆ ಎಡಕ್ಕೆ. 2 ಕುಣಿಕೆಯನ್ನು ಸೀದಾ ಹೆಣೆಯುವ ಹಾಗೆ ಒಂದೊಂದಾಗಿ ಜಾರಿಸಿ, ಆಮೇಲೆ ಎರಡನ್ನೂ ಹಿಂದಿನಿಂದ ಸೇರಿಸಿ ಹೆಣೆಯುತ್ತಾರಲ್ಲ, ಅದು ಅವರಿಗೆ ಎಡಕ್ಕೆ ವಾಲುತ್ತದೆ, ನಮಗೆ ಬಲಕ್ಕೆ. ಗುರುತು ಯಾವ ಕಡೆ ವಾಲಿದೆಯೋ, ನಿಮ್ಮ ಕೈಯಲ್ಲಿ ಆ ಕಡೆ ವಾಲುವುದನ್ನು ಮಾಡಿ.

ಕಂಕುಳದ್ದು ಸಾಮಾನ್ಯವಾಗಿ ಚಾರ್ಟ್‌ನಲ್ಲಿ ಇರುವುದಿಲ್ಲ, ಬರಹದಲ್ಲಿ ಇರುತ್ತದೆ. ಸಾಲಿನ ಶುರುವಿಗೆ ಇದು, ಕೊನೆಗೆ ಅದು ಅಂತ. ಅದನ್ನು ಇದ್ದ ಹಾಗೇ ಮಾಡಿ, ಏನೂ ಬದಲಿಸಬೇಡಿ. ಅವರ ಶುರು ಬಲ ಅಂಚು, ನಿಮ್ಮ ಶುರು ಎಡ ಅಂಚು. ವಾಲುವುದೂ ಜೊತೆಗೇ ತಿರುಗುತ್ತದೆ. ಎರಡೂ ಅಂಚಿನಲ್ಲಿ ಕುಣಿಕೆ ಒಳಮುಖವಾಗಿಯೇ ಕೂರುತ್ತದೆ. ಮುಂಭಾಗದ ಕುತ್ತಿಗೆಯಲ್ಲೂ ಹೀಗೇ. ಅವರು ಎಡ ಭುಜ ಅಂದದ್ದು ನಿಮಗೆ ಬಲ ಭುಜ ಆಗಿ ಬರುತ್ತದೆ. ಎರಡು ಭುಜವನ್ನೂ ಹೆಣೆಯಲೇಬೇಕಲ್ಲ, ಯಾವುದು ಮೊದಲು ಬಂದರೂ ನಡೆಯುತ್ತದೆ.

ಕಂಕುಳಕ್ಕೆ ಬರುವ ಮೊದಲು ಆ ಹೊಲಿಗೆ ದಾರ ಒಂದು ಹಾಯಿಸಿಕೊಳ್ಳಿ.